ಹನ್ನೆರಡಡಿ ನೀರಿನೊಳಗೆ ‘ಸರಿ’ ಮತ್ತು ‘ಬೇಡ’

ನಮ್ಮ ಭಾನುವಾರದ ತರಗತಿಯಲ್ಲಿ ಕಲಿಸಲು ಹೊಸದಾಗಿ ಸೇರಿರುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ‘ಸಾರ್, ಏನಾದ್ರೂ ಟಿಪ್ಸ್ ಕೊಡಿ’ ಅನ್ನುತ್ತಾರೆ. ಟಿಪ್ಸ್ ಕೊಡುವಷ್ಟು ದೊಡ್ಡ ಮನುಷ್ಯ ನಾನಲ್ಲ, ಕಾಫಿ ಕೊಟ್ಟು ಕಳಿಸುತ್ತೇನೆ. ಅವರು ಗೇಟು ದಾಟಿದ ಮೇಲೆ, ಛೆ, ಪವಿತ್ರ ಎಂಬ ಹುಡುಗಿಯ ವಿಷಯ ಹೇಳಬೇಕಿತ್ತು ಅನ್ನಿಸುತ್ತದೆ. ಎದುರಿಗೆ ಹೇಳಲು ನಾಚಿಕೆ, ಯಾಕೆಂದರೆ ಅದರಲ್ಲಿ ತಪ್ಪೆಲ್ಲ ನನ್ನದು. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಹೆಸರು ಆಂಜಿನಪ್ಪ, ಊರು ತುಮಕೂರು ರಸ್ತೆಯ ಮಾಕಳಿ. ಬಾವಿಯಲ್ಲಿ ಈಜು ಕಲಿತವನು. ಇಪ್ಪತ್ತು ವರ್ಷಕ್ಕೂ ಮೇಲೆ ಒಬ್ಬ ಕಂಟ್ರಾಕ್ಟರರ ಹತ್ತಿರ ಮುಳುಗುವ ಕೆಲಸ ಮಾಡಿದೆ. ಮುಳುಗುವ ಕೆಲಸ ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅಣೆಕಟ್ಟಿನ ಗೇಟಿಗೆ ಸಿಕ್ಕಿಕೊಂಡ ಮರದ ಬೊಡ್ಡೆ ಬಿಡಿಸುವುದು, ಪಂಪ್‌ಹೌಸಿನ ಜಾಲರಿ ತಿಕ್ಕುವುದು, ನೀರಡಿಯಲ್ಲಿ ಬೋಲ್ಟ್ ಬಿಗಿಯುವುದು. ಟೀವಿಯಲ್ಲಿ ತೋರಿಸುವ ಬಣ್ಣದ ಮೀನು ಒಂದನ್ನೂ ನಾನು ಕಂಡಿಲ್ಲ. ನಮ್ಮ ನೀರೆಲ್ಲ ಕೆಸರು. ಕಣ್ಣು ಬಿಟ್ಟರೂ ಅಷ್ಟೇ, ಮುಚ್ಚಿದರೂ ಅಷ್ಟೇ, ಎಲ್ಲ ಕೆಲಸವೂ ಬೆರಳಲ್ಲೇ ಆಗಬೇಕು. ಸೊಂಟಕ್ಕೆ ಒಂದು ಹಗ್ಗ, ಅದರ ಇನ್ನೊಂದು ತುದಿ ಮೇಲೆ ಕೂತ ಕೃಷ್ಣೋಜಿ ಮೇಸ್ತ್ರಿಯ ಕೈಯಲ್ಲಿ. ಅವರು ಒಂದು ಸಲ ಜಗ್ಗಿದರೆ ‘ಸರಿನಾ?’ ಎಂದು ಕೇಳಿದ ಹಾಗೆ. ನಾನು ಒಂದು ಸಲ ಜಗ್ಗಿದರೆ ‘ಸರಿ’ ಎಂದ ಹಾಗೆ. ನಾಲ್ಕು ಸಲ ಜಗ್ಗಿದರೆ ‘ಮೇಲಕ್ಕೆ ಎಳೆದುಕೊಳ್ಳಿ’ ಎಂದು ಅರ್ಥ. ಯಾರಾದರೂ ನಾಲ್ಕು ಜಗ್ಗಿ ಬೇಗ ಮೇಲೆ ಬಂದರೆ ಮೇಸ್ತ್ರಿ ಎಲ್ಲರೆದುರು, ‘ಯಾಕಪ್ಪಾ, ಮೀನು ಕಚ್ತಾ?’ ಎನ್ನುತ್ತಿದ್ದರು. ಹಾಗಾಗಿ ನಾಲ್ಕು ಜಗ್ಗುವವರು ಕಡಿಮೆ.

ಎಡಗಿವಿ ಕೆಟ್ಟ ಮೇಲೆ ಆ ಕೆಲಸ ತಪ್ಪಿತು. ದೇವನಹಳ್ಳಿ ಕಡೆ ಹೊಸ ಏರ್‌ಪೋರ್ಟ್ ಶುರುವಾದ ವರ್ಷ ವಿದ್ಯಾರಣ್ಯಪುರದ ಒಂದು ಈಜುಕೊಳದಲ್ಲಿ ಸೇರಿಕೊಂಡೆ. ನೀರಿಗೆ ಕ್ಲೋರಿನ್ ಹಾಕುವುದು, ಫಿಲ್ಟರ್ ತೊಳೆಯುವುದು, ಯಾರೂ ಮುಳುಗದ ಹಾಗೆ ನೋಡಿಕೊಳ್ಳುವುದು. 2019ರಲ್ಲಿ ಮಂಡಿ ಕೈಕೊಡುವ ತನಕ ಅಲ್ಲೇ ಇದ್ದೆ. ಬಡ್ತಿಯ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಒಮ್ಮೆ ಹಳೇ ವಿಷಲ್ ವಾಪಸ್ ತೆಗೆದುಕೊಂಡು ಹೊಸದು ಕೊಟ್ಟರು.

ಆ ಕೊಳಕ್ಕೆ ಶೈಲಜಾ ಮೇಡಂ ಬರುತ್ತಿದ್ದರು. ಯಲಹಂಕ ನ್ಯೂ ಟೌನಿನವರು, ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಅವರಿಗೆ ಒಂದು ಹುಚ್ಚು ಹತ್ತಿತ್ತು: ಅಂಗವಿಕಲ ಮಕ್ಕಳಿಗೆ ಸ್ಕೂಬಾ ಕಲಿಸಬೇಕು, ನೀರಿನಡಿ ಉಸಿರಾಡುತ್ತಾ ಓಡಾಡುವುದನ್ನು ತೋರಿಸಬೇಕು ಎಂದು. ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೊಳ ಬಿಡಿಸಿಕೊಂಡಿದ್ದರು. ಸಲಕರಣೆ ಹೊಂದಿಸಿದ್ದರು. ನೀರಿಗಿಳಿಯುವ ಜನ ಮಾತ್ರ ಸಾಲದಾಗಿತ್ತು.

‘ಆಂಜಿನಪ್ಪ, ನಿಮಗೆ ನೀರೊಳಗೆ ಭಯ ಆಗುತ್ತಾ?’ ಎಂದು ಕೇಳಿದರು.

‘ನೀರಿನ ಮೇಲೆ ಆಗುತ್ತೆ ಮೇಡಂ. ಒಳಗಿಲ್ಲ.’

ಅಷ್ಟಕ್ಕೇ ನನ್ನನ್ನು ಹಿಡಿದು ಹಾಕಿದರು. ಕಿವಿಯ ಡಾಕ್ಟರರಿಗೆ ತೋರಿಸಿ, ಕೊಳದ ಆಳಕ್ಕೆ ಅಡ್ಡಿಯಿಲ್ಲ ಎಂದು ಬರೆಸಿಕೊಂಡು ಬಂದರು. ಇಷ್ಟು ವರ್ಷ ಮುಳುಗಿದವನಿಗೆ ಮತ್ತೆ ಪರೀಕ್ಷೆ, ಅದೂ ಇಂಗ್ಲಿಷಿನಲ್ಲಿ. ನನಗೆ ಗೊತ್ತಿದ್ದ ಇಂಗ್ಲಿಷೆಲ್ಲ ಬೋಲ್ಟುಗಳ ಸೈಜು. ಮೇಡಂ ಪುಟ ಪುಟವನ್ನೂ ಕನ್ನಡದಲ್ಲಿ ಓದಿ ಹೇಳಿದರು. ನನ್ನ ಅರ್ಧ ವಯಸ್ಸಿನ ಒಬ್ಬ ಹುಡುಗ ಪರೀಕ್ಷೆ ಮಾಡಿ, ‘ಅಂಕಲ್, ನೀವು ಪಾಸು’ ಎಂದ. ಮನೆಗೆ ಮೈಸೂರ್ ಪಾಕ್ ತಂದಿದ್ದೆ. ಹೆಂಡತಿ, ‘ಈ ವಯಸ್ಸಲ್ಲಿ ಪಾಸಾಗೋದೂ ಉಂಟಾ’ ಎಂದು ನಕ್ಕಳು.

ಮೊದಲ ಭಾನುವಾರ ನನ್ನ ಪಾಲಿಗೆ ಬಂದವನು ಆರ್.ಟಿ. ನಗರದ ಚೇತನ್. ಹದಿನಾಲ್ಕು ವರ್ಷ, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಬಾಯಿ ಮಾತ್ರ ಎರಡಾಳಿಗೆ ಸಾಕು. ನಾನು ಗಾಲಿಕುರ್ಚಿಯ ಹತ್ತಿರ ಹೋಗಿ, ಒಂದು ಮಾತೂ ಆಡದೆ ಅವನನ್ನು ಎತ್ತಿ ನೀರಿನ ಅಂಚಿಗೆ ತಂದು ಕೂರಿಸಿದೆ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡಿದ್ದೆ.

‘ಸಾರ್, ನಾನೇನ್ ಲಗೇಜಾ?’ ಎಂದ. ‘ಆ ಸಿಲಿಂಡರ್‌ನ ಇದಕ್ಕಿಂತ ಮೆತ್ತಗೆ ಇಳಿಸ್ತೀರ.’

ಎಲ್ಲರೂ ನಕ್ಕರು. ನಾನು ಕೈಮುಗಿದು, ‘ಎತ್ತಲೇನಪ್ಪಾ?’ ಎಂದೆ. ‘ಈಗ ಕೇಳಿ ಏನ್ ಪ್ರಯೋಜನ ಗುರು, ಇಳಿಸಾಯ್ತಲ್ಲ’ ಎಂದ. ಹೊಸಬರಿಗೆ ಹೇಳುತ್ತೇನೆ, ಎತ್ತುವ ಮೊದಲು ಕೇಳಿ.

ಅವನೇ ನನಗೆ ಎರಡನೆಯ ಪಾಠವನ್ನೂ ಕಲಿಸಿದ. ನೀರಿನಡಿ ಹೆಬ್ಬೆರಳು ಮೇಲೆತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಚೆನ್ನಾಗಿದೆ ಎನ್ನಬೇಕಾದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಚೇತನ್ ಖುಷಿಯಲ್ಲಿ ಹೆಬ್ಬೆರಳೆತ್ತುವುದು, ನಾನು ಅವನನ್ನು ಮೇಲಕ್ಕೆ ತರುವುದು, ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ಬಾಯಿಯ ನಳಿಗೆ ಕಿತ್ತು, ‘ಸೂಪರ್ ಅಂತಿದೀನಿ ಕಣ್ರೀ, ಯಾಕ್ರೀ ಎಳ್ಕೊಂಡ್ ಬರ್ತೀರ?’ ಎಂದ. ನಾಲ್ಕನೆಯ ಸಲ ಸೊನ್ನೆ ತೋರಿಸಿಕೊಂಡೇ ಇಪ್ಪತ್ತು ನಿಮಿಷ ಒಳಗಿದ್ದ. ಭೂಮಿಯ ಮೇಲೆ ಅವನನ್ನು ಎಳೆದು ಕೂರಿಸುತ್ತಿದ್ದ ಕಾಲುಗಳು ಅಲ್ಲಿ ಅವನ ಹಿಂದೆ ತೇಲಿಕೊಂಡು ಬರುತ್ತಿದ್ದವು.

ಮೇಲಿನವರ ಬಗ್ಗೆಯೂ ಒಂದು ಮಾತು. ಕೊಳದ ಕಾರ್ಯದರ್ಶಿಗೆ ಈ ತರಗತಿ ಇಷ್ಟವಿರಲಿಲ್ಲ. ‘ನೀರು ಗಲೀಜಾಗಲ್ವೇನ್ರೀ?’ ಎಂದು ನನ್ನನ್ನೇ ಕೇಳಿದರು. ನನಗೆ ಉರಿದುಹೋಯಿತು. ‘ಬೆಂಗಳೂರಿನ ಯಾವ ಮಕ್ಕಳು ಇಳಿದ್ರೂ ಅಷ್ಟೇ ಕ್ಲೋರಿನ್ ಹಾಕ್ತೀನಿ ಸಾರ್, ಬಂದು ನೋಡಿ’ ಎಂದೆ. ಬಂದು ನೋಡಿದರು. ಗಾಲಿಕುರ್ಚಿಯನ್ನು ಮೆಟ್ಟಿಲ ಮೇಲೆ ನಾಲ್ಕು ಜನ ಹೊರುವುದನ್ನು ಕಂಡು ಹೊರಟುಹೋದರು. ಮುಂದಿನ ತಿಂಗಳು ಯಶವಂತಪುರದ ಯಾವುದೋ ವರ್ಕ್‌ಶಾಪಿನಿಂದ ಕಬ್ಬಿಣದ ಇಳಿಜಾರು ಮಾಡಿಸಿ ತಂದು ಕೂರಿಸಿದರು. ಅವರ ಬಗ್ಗೆ ಮನಸ್ಸಿನಲ್ಲಿ ಬೈದುಕೊಂಡದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿದೆ.

ಈಗ ಪವಿತ್ರನ ವಿಷಯ. ಹನ್ನೊಂದು ವರ್ಷದ ಹುಡುಗಿ, ಹುಟ್ಟಿನಿಂದ ಎರಡೂ ಕಣ್ಣು ಕಾಣದು. ಅಪ್ಪ ಅಮ್ಮ ಇಬ್ಬರೂ ಗಾರ್ಮೆಂಟ್ಸ್‌ನಲ್ಲಿ, ಭಾನುವಾರವೂ ಓಟಿ. ಹುಣಸಮಾರನಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಅವಳನ್ನು ಕರೆತರುತ್ತಿದ್ದವರು ಅಜ್ಜಿ ಮುನಿರತ್ನಮ್ಮ. ಏರ್‌ಪೋರ್ಟ್ ರಸ್ತೆಯ ಒಂದು ನರ್ಸರಿಯಲ್ಲಿ ಗಿಡದ ಚೀಲಗಳಿಗೆ ಮಣ್ಣು ತುಂಬುವ ಕೆಲಸ ಅವರದು. ಉಳಿದ ಸ್ವಯಂಸೇವಕರು ಪವಿತ್ರನನ್ನು ನೀರಿಗಿಳಿಸಲು ಹಿಂದೆಮುಂದೆ ನೋಡಿದರು. ಕೈಸನ್ನೆ ಕಾಣದವಳ ಜೊತೆ ನೀರಿನಡಿ ಮಾತಾಡುವುದು ಹೇಗೆ? ನಾನು, ‘ಕೊಡಿ ಇಲ್ಲಿ, ಇಪ್ಪತ್ತು ವರ್ಷ ನಾನೂ ಏನೂ ಕಾಣದೇ ಕೆಲಸ ಮಾಡಿದೀನಿ’ ಎಂದೆ.

ನನ್ನ ಮೇಸ್ತ್ರಿಯ ಹಗ್ಗದ ಭಾಷೆಯನ್ನೇ ಅವಳ ಮಣಿಕಟ್ಟಿಗೆ ತಂದೆ. ನಾನು ಒಂದು ಸಲ ಅಮುಕಿದರೆ ‘ಸರಿನಾ?’ ಅವಳು ತಿರುಗಿ ಒಂದು ಸಲ ಅಮುಕಿದರೆ ‘ಸರಿ’. ನಾಲ್ಕರ ಬದಲು ಎರಡೇ ಸಲ ಅಮುಕಿದರೆ ‘ಬೇಡ, ಮೇಲೆ ಹೋಗೋಣ’. ಐದು ನಿಮಿಷದಲ್ಲಿ ಕಲಿತಳು. ಶೈಲಜಾ ಮೇಡಂ ಅದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನನಗೆ ಕೋಡು ಮೂಡಿತು.

ಪವಿತ್ರನಿಗೆ ನೀರು ಹಿಡಿಸಿಬಿಟ್ಟಿತು. ಹೊರಗೆ ಹೆಜ್ಜೆಗೊಬ್ಬರು ‘ಹುಷಾರು, ಮೆಟ್ಲು’, ‘ಹುಷಾರು, ಕಂಬ’ ಎನ್ನುತ್ತಿರುತ್ತಾರೆ. ಅಲ್ಲಿ ಯಾರೂ ಇಲ್ಲ.

‘ಸಾರ್, ಇಲ್ಲಿ ಬೀಳಕ್ಕೇ ಆಗಲ್ಲ ಅಲ್ವಾ?’ ಎಂದು ಒಂದು ದಿನ ಕೇಳಿದಳು.

‘ಬಿದ್ರೂ ನಿಧಾನಕ್ಕೆ ಬೀಳ್ತೀಯ.’

ಅವಳಿಗೆ ಕೊಳದ ಆಳದ ಕಡೆಯ ನೆಲ ಮುಟ್ಟಬೇಕೆಂದು ಆಸೆ. ಅಲ್ಲಿ ಹನ್ನೆರಡಡಿ ನೀರು. ‘ಅಲ್ಲೂ ಇದೇ ಟೈಲ್ಸ್ ಕಣಮ್ಮ’ ಎಂದರೆ, ‘ನಾನೇ ಮುಟ್ಟಿ ಹೇಳ್ತೀನಿ’ ಎನ್ನುತ್ತಿದ್ದಳು. ನೀರಿನಲ್ಲಿ ಕೆಳಗಿಳಿದಂತೆ ಕಿವಿಯ ಮೇಲೆ ಒತ್ತಡ ಬೀಳುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಕಿವಿ ತೆರೆದು ಸಲೀಸಾಗುತ್ತದೆ. ನೆಗಡಿಯಿದ್ದರೆ ಕಿವಿ ತೆರೆಯುವುದಿಲ್ಲ, ಆಗ ಇಳಿಯಲೇಬಾರದು. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟಿದ್ದೆ. ಒಂದು ಭಾನುವಾರ ಆಳಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತೂ ಕೊಟ್ಟೆ.

ಆ ಭಾನುವಾರ ಅವಳಿಗೆ ನೆಗಡಿಯಾಗಿತ್ತು. ಹೇಳಿದರೆ ದಡದಲ್ಲಿ ಕೂರಿಸುತ್ತಾರೆಂದು ಬಾಯಿ ಬಿಡಲಿಲ್ಲ. ದನಿ ಕಟ್ಟಿದ್ದು ನನಗೆ ತಿಳಿಯಬೇಕಿತ್ತು, ಆದರೆ ಅವಳು ನಿಂತದ್ದು ನನ್ನ ಎಡಕ್ಕೆ, ಕೆಟ್ಟ ಕಿವಿಯ ಕಡೆ. ಇಳಿದೆವು. ಐದು ಅಡಿಯಲ್ಲಿ ‘ಸರಿನಾ?’ ಎಂದು ಅಮುಕಿದೆ, ‘ಸರಿ’ ಎಂದಳು. ಏಳು ಅಡಿಯಲ್ಲಿ ಕೇಳಿದೆ, ಸರಿ. ಒಂಬತ್ತು ಅಡಿಯಲ್ಲಿ ಕೇಳಿದೆ, ಇನ್ನೂ ಗಟ್ಟಿಯಾಗಿ ಅಮುಕಿ ಸರಿ ಎಂದಳು. ಆಗ ಅವಳ ಮುಖದ ಗಾಜಿನೊಳಗೆ ಕೆಂಪು ಕಂಡಿತು. ಮೂಗಿನಿಂದ ರಕ್ತ. ಅವಸರಪಡದೆ, ತಡೆದು ತಡೆದು ಮೇಲೆ ತಂದೆ. ನಳಿಗೆ ತೆಗೆದ ತಕ್ಷಣ ಅವಳಾಡಿದ ಮೊದಲ ಮಾತು, ‘ಸಾರಿ ಸಾರ್.’

ಕಿವಿಯ ಡಾಕ್ಟರು ನೋಡಿ, ತಮಟೆ ಹರಿದಿಲ್ಲ, ಎರಡೂ ಕಿವಿಯ ಒಳಗೆ ನೀರು ಕಟ್ಟಿದೆ, ಕೇಳುವುದು ಮಂದವಾಗಿರುತ್ತದೆ, ಪೂರ್ತಿ ಯಾವಾಗ ತಿರುಗಿ ಬರುತ್ತದೋ ಕಾದು ನೋಡಬೇಕು ಎಂದರು. ಸಂಜೆ ಶೈಲಜಾ ಮೇಡಂ ನನ್ನನ್ನು ಕೂರಿಸಿಕೊಂಡರು.

‘ಅವಳು ಯಾಕೆ ಸರಿ ಅಂದ್ಲು?’

‘ನಾನೇನ್ ಮಾಡ್ಲಿ ಮೇಡಂ? ಮೂರು ಸಲ ಕೇಳ್ದೆ. ಮೂರು ಸಲಾನೂ ಸರಿ ಅಂದ್ಲು.’

‘ನಿಮ್ಮ ಕಿವಿ ಹೇಗೆ ಹೋಯ್ತು, ಆಂಜಿನಪ್ಪ?’

ಒಂದು ಪಂಪ್‌ಹೌಸಿನ ಬಾವಿಯಲ್ಲಿ, ನೆಗಡಿಯಿಟ್ಟುಕೊಂಡು ಇಳಿದಿದ್ದೆ. ಕಿವಿಗೆ ಮೊಳೆ ಹೊಡೆದಂತಾಗುತ್ತಿತ್ತು. ಮೇಸ್ತ್ರಿ ಜಗ್ಗಿ ಕೇಳಿದಾಗಲೆಲ್ಲ ನಾನು ಒಂದು ಜಗ್ಗಿ ಸರಿ ಎಂದೆ, ಮೀನು ಕಚ್ತಾ ಎಂದು ಕೇಳಿಸಿಕೊಳ್ಳಬಾರದಲ್ಲ. ಕಿವಿ ಒಡೆದು ಮೇಲೆ ಬಂದಾಗ ಮೇಸ್ತ್ರಿ, ‘ಸರಿ ಅಂದೆಯಲ್ಲೋ’ ಎಂದರು. ಅದೇ ಮಾತನ್ನು ನಾನೀಗ ಒಂದು ಮಗುವಿನ ಮೇಲೆ ಹೊರಿಸುತ್ತಿದ್ದೆ. ದೊಡ್ಡವರು ‘ಸರಿನಾ?’ ಎಂದು ಕೇಳಿದರೆ ನಮ್ಮಲ್ಲಿ ಅದಕ್ಕಿರುವುದು ಒಂದೇ ಉತ್ತರ. ಪಾಠ ಅರ್ಥವಾಯಿತಾ ಎಂದರೂ ಹೂಂ, ಹುಡುಗ ಒಪ್ಪಿಗೆಯಾ ಎಂದರೂ ಹೂಂ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೂ ಕೇಳಿದೆನಲ್ಲ ಎಂದು ನೆಮ್ಮದಿಯಾಗಿದ್ದೆ.

‘ಅಜ್ಜಿ ಹತ್ರ ನೀವೇ ಹೋಗಿ ಹೇಳಿ’ ಎಂದರು ಮೇಡಂ. ಬೈದಿದ್ದರೆ ಸುಲಭವಾಗಿತ್ತು.

ಹೋದೆ. ಮುನಿರತ್ನಮ್ಮ ನರ್ಸರಿಯಲ್ಲಿ ಮಣ್ಣಿನ ರಾಶಿಯ ಪಕ್ಕ ಕೂತಿದ್ದರು, ಪವಿತ್ರ ಅವರ ಹಿಂದೆ ಖಾಲಿ ಚೀಲ ಬಿಡಿಸಿ ಕೊಡುತ್ತಿದ್ದಳು. ನನ್ನ ತಪ್ಪನ್ನು ಇದ್ದಂತೆ ಹೇಳಿದೆ. ಅಜ್ಜಿ ಕೈಯಿಂದ ಮಣ್ಣು ಕೊಡವಲೂ ಇಲ್ಲ.

‘ಕಣ್ಣಿಲ್ದಿರೋ ಮಗೀಗೆ ಕಿವೀನೇ ಕಣ್ಣು ಕಣಪ್ಪಾ. ಅದೂ ಓಗಿದ್ರೆ ಎಲ್ಲಿಂದ ತಂದ್ಕೊಡ್ತಿದ್ರಿ?’

ಆ ಹುಡುಗಿ ವಿಮಾನವಿನ್ನೂ ದೂರದಲ್ಲಿರುವಾಗಲೇ, ಇದು ಇಳಿಯೋದು, ಇದು ಹಾರೋದು ಎಂದು ಹೇಳುತ್ತಿದ್ದಳು. ನಾವು ಮಾತಾಡುತ್ತಿರುವಾಗ ಉತ್ತರದ ಕಡೆ ಒಂದು ವಿಮಾನದ ಸದ್ದು ಹಾದುಹೋಯಿತು. ಒಂದೇ ಕಿವಿಯ ನನಗೂ ಕೇಳಿಸಿತು. ಪವಿತ್ರ ತಲೆ ತಿರುಗಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ಅಜ್ಜಿ, ಇವತ್ತು ಪ್ಲೇನ್ ಕಮ್ಮಿ ಅಲ್ವಾ?’ ಎಂದಳು. ಅಜ್ಜಿ ನನ್ನ ಮುಖ ನೋಡಿದರು. ಆ ನೋಟಕ್ಕಿಂತ ಎರಡು ಏಟು ಹಾಕಿದ್ದರೆ ವಾಸಿಯಿತ್ತು. ಬಸ್ಸಿನಲ್ಲಿ ಯಲಹಂಕದವರೆಗೆ ಅತ್ತುಕೊಂಡೇ ಬಂದೆ.

ತಿಂಗಳು ದಾಟಿದ ಮೇಲೆ ಕಿವಿ ಪೂರ್ತಿ ತಿಳಿಯಾಯಿತು. ವಿಷಯ ತಿಳಿದಾಗ ಕಂಡಕಂಡ ದೇವರಿಗೆಲ್ಲ ಕೈಮುಗಿದೆ. ಡಾಕ್ಟರು ಮತ್ತೆ ನೀರಿಗಿಳಿಯಬಹುದು ಎಂದರೂ ಅಜ್ಜಿ ಒಪ್ಪಲಿಲ್ಲ, ಪವಿತ್ರ ಹಟ ಬಿಡಲಿಲ್ಲ. ಕಡೆಗೆ ಅಜ್ಜಿ ಮೇಡಂಗೂ ನನಗೂ ಒಂದು ಷರತ್ತು ಹಾಕಿದರು.

‘ಇವ್ರಿಗೆ ಬ್ಯಾಡ ಅನ್ನಕ್ಕೆ ಇವ್ಳಿಗೆ ಬರ್ಬೇಕು. ನಾನ್ ಅದ್ನ ನೋಡ್ಬೇಕು. ಅಲ್ಲೀಗಂಟ ನೀರಿಗೆ ಇಳಿಸಂಗಿಲ್ಲ.’

ಹೀಗೆ ನಮ್ಮ ತರಗತಿಯಲ್ಲಿ ‘ಬೇಡ’ ಪಾಠ ಶುರುವಾಯಿತು. ಕೊಳದ ಅಂಚಿನಲ್ಲಿ ಒಣಗಿದ ಬಟ್ಟೆಯಲ್ಲೇ ಕೂತು ನಾನು ಪವಿತ್ರನಿಗೆ ಚಾಕಲೇಟ್ ನೀಡುವುದು, ಅವಳು ಬೇಡ ಎನ್ನುವುದು. ಸುಲಭ ಎಂದುಕೊಂಡಿದ್ದೆ. ‘ಪರವಾಗಿಲ್ಲ ಸಾರ್’ ಎನ್ನುತ್ತಾಳೆ. ‘ಆಮೇಲೆ ತಗೋತೀನಿ ಸಾರ್’ ಎನ್ನುತ್ತಾಳೆ. ‘ಈಗ್ತಾನೆ ತಿಂದೆ ಸಾರ್.’ ‘ನೀವ್ ತಿನ್ನಿ ಸಾರ್.’ ಬೇಡ ಎಂಬ ಒಂದು ಮಾತನ್ನು ಮೇಷ್ಟ್ರ ಮುಖಕ್ಕೆ ಹೇಳದಿರಲು ನಮ್ಮ ಕನ್ನಡದಲ್ಲಿ ಎಷ್ಟು ದಾರಿಗಳಿವೆ ಎಂದು ಆಗಲೇ ನನಗೆ ತಿಳಿದದ್ದು. ನೀರಿನಡಿ ಆ ದಾರಿಗಳಿಲ್ಲ, ಅದಕ್ಕೇ ಮಗು ಸರಿ ಎಂದು ಅಮುಕಿತ್ತು.

ಪಕ್ಕದಲ್ಲಿ ಚೇತನ್ ಕೂತು ಹುರಿದುಂಬಿಸುತ್ತಿದ್ದ. ‘ಬೇಡ ಅನ್ನೇ ತಾಯಿ, ಚಾಕಲೇಟ್ ನನಗ್ ಬರುತ್ತೆ.’

ಎರಡನೆಯ ವಾರ ‘ಬೇಡ ಸಾರ್’ ಎಂದಳು, ಹಿಂದೆಯೇ ‘ಸಾರಿ’ ಎಂದಳು. ಮೂರನೆಯ ವಾರ ‘ಸಾರಿ’ ಬಿಟ್ಟಳು. ನಾಲ್ಕನೆಯ ವಾರ ಅಜ್ಜಿಯಿಂದ ದೂರು ಬಂತು. ‘ಅದೇನ್ ಕಲ್ಸಿದ್ದೀರೋ, ಉಪ್ಪಿಟ್ಟೂ ಬ್ಯಾಡ ಅಂತವ್ಳೆ, ಎಣ್ಣೆ ಅಚ್ಕಳದೂ ಬ್ಯಾಡ ಅಂತವ್ಳೆ.’

‘ಅದು ನಮ್ ಪಾಠದಲ್ಲಿ ಇರ್ಲಿಲ್ಲ ಅಜ್ಜಿ’ ಎಂದೆ. ಅವತ್ತು ಮೊದಲ ಸಲ ಅವರ ಮುಖದಲ್ಲಿ ನಗು ಕಂಡೆ, ನೀರಿಗಿಳಿಸಲು ಒಪ್ಪಿಗೆಯೂ ಸಿಕ್ಕಿತು.

ನಾನು ಕ್ರಮವನ್ನೂ ಬದಲಾಯಿಸಿದೆ. ‘ಸರಿನಾ?’ ಎಂದು ಕೇಳುವುದನ್ನೇ ಬಿಟ್ಟೆ. ಮಗು ತಾನಾಗಿ ಒಂದು ಸಲ ಅಮುಕಿದರೆ ಮಾತ್ರ ಒಂದು ಮೊಳ ಇಳಿಯುವುದು. ಸುಮ್ಮನಿದ್ದರೆ ಇದ್ದಲ್ಲೇ ಇರುವುದು. ಎರಡು ಸಲ ಅಮುಕಿದರೆ ಮರುಮಾತಿಲ್ಲದೆ ಮೇಲಕ್ಕೆ. ಇಳಿಯುವ ಮೊದಲು ಎಲ್ಲ ಮಕ್ಕಳೂ ನನ್ನ ಬಲಗಿವಿಯ ಹತ್ತಿರ ಬಂದು ಹೆಸರು ಹೇಳಬೇಕು, ದನಿ ಕಟ್ಟಿದೆಯಾ ಎಂದು ನೋಡಲು. ಇವತ್ತು ನೀವು ಮಾಡುತ್ತಿರುವುದೂ ಇದನ್ನೇ. ಇದನ್ನು ನನ್ನ ಹೆಸರಿನಲ್ಲಿ ಕರೆಯುತ್ತೀರಂತೆ. ಪವಿತ್ರನ ಹೆಸರಿನಲ್ಲಿ ಕರೆಯಿರಿ.

ಆ ಕೆಲಸ ನನಗೆ ಏನು ಕೊಟ್ಟಿತು ಎಂದು ಕೇಳುತ್ತೀರಿ. ಕಿವಿ ಕೆಟ್ಟು ಮೂಲೆಗೆ ಬಿದ್ದಿದ್ದವನಿಗೆ ಮತ್ತೆ ನೀರು ಕೊಟ್ಟಿತು, ಅದೂ ಮಕ್ಕಳಿರುವ ನೀರು. ಶೈಲಜಾ ಮೇಡಂ ಋಣ, ಆ ಮಕ್ಕಳ ಋಣ ನನ್ನ ಮೇಲೆ ದೊಡ್ಡದು. ಪವಿತ್ರ ಮುಂದೆ ಹನ್ನೆರಡಡಿಯ ನೆಲ ಮುಟ್ಟಿದಳು, ‘ಸಾರ್, ನಿಜವಾಗ್ಲೂ ಅದೇ ಟೈಲ್ಸು’ ಎಂದು ಬೇಜಾರು ಮಾಡಿಕೊಂಡಳು. ಆ ದಿನದ ಫೋಟೋ ಕೊಳದ ಆಫೀಸಿನಲ್ಲಿದೆ. ನಾನು ನಿಮಗೆ ಹೇಳಬೇಕಾದದ್ದು ಅದಕ್ಕೂ ಹಿಂದಿನ ಒಂದು ಭಾನುವಾರ, ಅಜ್ಜಿ ಷರತ್ತು ಹಾಕಿದ ಮೇಲೆ ಅವಳು ಮೊದಲ ಸಲ ಆಳಕ್ಕಿಳಿದ ದಿನ.

ಅಜ್ಜಿ ಪ್ಲಾಸ್ಟಿಕ್ ಕುರ್ಚಿಯನ್ನು ನೀರಿನ ಅಂಚಿಗೇ ಎಳೆದುಕೊಂಡು ಕೂತಿದ್ದರು. ನೆಗಡಿಯಿರಲಿಲ್ಲ, ದನಿ ತಿಳಿಯಾಗಿತ್ತು. ಪವಿತ್ರ ಒಂದೊಂದೇ ಸಲ ಅಮುಕುತ್ತಾ ನನ್ನನ್ನು ಇಳಿಸಿಕೊಂಡು ಹೋದಳು. ಎಂಟು ಅಡಿಯ ಹತ್ತಿರ ನಿಂತಳು. ಮೂಗು ಹಿಡಿದು ಊದಿದಳು. ಸ್ವಲ್ಪ ಮೇಲೇರಿ ಮತ್ತೆ ಊದಿದಳು. ಸುಮ್ಮನಿದ್ದಳು. ಆಮೇಲೆ ಎರಡು ಸಲ ಅಮುಕಿದಳು.

ನಿಜ ಹೇಳುತ್ತೇನೆ, ನನಗೆ ದುರಾಸೆಯಾಯಿತು. ಇನ್ನು ನಾಲ್ಕೇ ಅಡಿ. ಮೇಲೆ ಅಜ್ಜಿ ನೋಡುತ್ತಿದ್ದಾರೆ, ಕಾರ್ಯದರ್ಶಿ ಬಂದು ನಿಂತಿದ್ದಾರೆ, ಮೇಡಂ ಕ್ಯಾಮೆರಾ ಹಿಡಿದಿದ್ದಾರೆ. ಇವಳು ನೆಲ ಮುಟ್ಟಿಬಿಟ್ಟರೆ ನನ್ನ ತಪ್ಪೆಲ್ಲ ತೊಳೆದು ಹೋಗುತ್ತದೆ. ನಾನು ಒಂದೇ ಒಂದು ಸಲ ‘ಸರಿನಾ?’ ಎಂದು ಅಮುಕಿದ್ದರೆ ಸಾಕಿತ್ತು, ಆ ಹುಡುಗಿ ನನಗೋಸ್ಕರ ಇಳಿದುಬಿಡುತ್ತಿದ್ದಳು. ನನ್ನ ಬೆರಳು ಅವಳ ಮಣಿಕಟ್ಟಿನ ಮೇ‍ಲೆಯೇ ಇತ್ತು. ಬೆರಳು ಸಡಿಲ ಬಿಟ್ಟು, ಅವಳ ಜೊತೆ ಮೇಲಕ್ಕೆ ಬಂದೆ.

ಅಜ್ಜಿ ಕುರ್ಚಿಯಿಂದ ಬಗ್ಗಿದರು. ‘ನೆಲ ಸಿಕ್ತಾ ಮಗ?’

‘ಇಲ್ಲ ಅಜ್ಜಿ. ಕಿವಿ ಬಿಡ್ಲಿಲ್ಲ. ಬೇಡ ಅಂದೆ.’

‘ಇವ್ರೇನಂದ್ರು?’

‘ಏನೂ ಅನ್ಲಿಲ್ಲ. ಕರ್ಕೊಂಡ್ ಬಂದ್ರು.’

ಮುನಿರತ್ನಮ್ಮ ಮೊಮ್ಮಗಳ ತಲೆಗೆ ಟವೆಲ್ ಹಾಕಿ ಒರೆಸುತ್ತಾ ಹೇಳಿದರು.

‘ಅಂಗಾರೆ ಬರೋ ವಾರಾನೂ ಕರ್ಕೊಂಡ್ ಬತ್ತೀನಿ ಬುಡಿ.’